ಕಟ್ಟಡಕ್ಕೆ ಕೋಟಿ, ಜನರೇಟರ್‌ಗೆ ಡೀಸೆಲ್ ಇಲ್ಲ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಊರಿನ ಹೆಸರು ಬದಲಾದರೂ ಬದಲಾಗದ ಪ್ರಶ್ನೆಯೊಂದಿದೆ. 'ನಮ್ಮ ಆಸ್ಪತ್ರೆಗೆ ಇಷ್ಟು ಕೋಟಿ ಬಿಡುಗಡೆ ಅಂತ ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು. ಹೊಸ ಕಟ್ಟಡವೂ ಎದ್ದಿದೆ. ಆದರೂ ಹೆರಿಗೆ ಸ್ವಲ್ಪ ಕಷ್ಟ ಅಂದರೆ ಸಾಕು, ಜಿಲ್ಲಾಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆದು ಕೊಡ್ತಾರೆ. ಹಾಗಾದರೆ ಆ ದುಡ್ಡು ಎಲ್ಲಿ ಹೋಯಿತು?' ಕೇಳುವವರ ಮನಸ್ಸಿನಲ್ಲಿ ಯಾರೋ ನುಂಗಿದ್ದಾರೆ ಎಂಬ ಗುಮಾನಿ ಇದ್ದೇ ಇರುತ್ತದೆ. ನುಂಗುವವರು ಇಲ್ಲವೆಂದು ಸಾಕ್ಷಿ ಹೇಳಲು ನಾನು ಬಂದಿಲ್ಲ. ಆದರೆ ಒಬ್ಬರೂ ಒಂದು ರೂಪಾಯಿ ಮುಟ್ಟದಿದ್ದರೂ ಆ ಹೆರಿಗೆ ಆ ಕಟ್ಟಡದಲ್ಲಿ ಆಗುತ್ತಿರಲಿಲ್ಲ. ಕಾರಣ, ಬಂದ ದುಡ್ಡಿನ ಮೇಲೆ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಮೊದಲೇ ಬರೆದಿರುತ್ತದೆ. ಹೆರಿಗೆ ಮಾಡಿಸುವುದಕ್ಕೆ ಎಂದು ಮಾತ್ರ ಬರೆದಿರುವುದಿಲ್ಲ.

ಸರ್ಕಾರಿ ಆಸ್ಪತ್ರೆಗೆ ಹಣ ಬರುವ ದಾರಿ ಒಂದಲ್ಲ. ಕಾಯಂ ವೈದ್ಯರ, ನೌಕರರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಗುತ್ತಿಗೆ ನರ್ಸುಗಳು, ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ, ತಾಯಿ-ಮಕ್ಕಳ ಕಾರ್ಯಕ್ರಮಗಳೆಲ್ಲ ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕ. ಅದರಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಔಷಧಿ ಹೆಚ್ಚಾಗಿ ದುಡ್ಡಿನ ರೂಪದಲ್ಲಿ ಬರುವುದೇ ಇಲ್ಲ. ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಉಗ್ರಾಣದಿಂದ ಪೆಟ್ಟಿಗೆಗಳಾಗಿ ಬರುತ್ತದೆ. ಬೀದರ್‌ನಿಂದ ಬಳ್ಳಾರಿ-ವಿಜಯನಗರದವರೆಗಿನ ಏಳು ಜಿಲ್ಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಪ್ರತ್ಯೇಕ. ಗಣಿ ಇರುವ ಕಡೆ ಜಿಲ್ಲಾ ಖನಿಜ ಪ್ರತಿಷ್ಠಾನದ್ದು ಇನ್ನೊಂದು. ಇವುಗಳ ಜೊತೆಗೆ 15ನೇ ಹಣಕಾಸು ಆಯೋಗ 2021-22ರಿಂದ ಐದು ವರ್ಷಕ್ಕೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದು ದೇಶಕ್ಕೆ ಹಂಚಿದ್ದು 70,051 ಕೋಟಿ ರೂಪಾಯಿ. ಕೊನೆಗೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಕೊಟ್ಟಿದ್ದಕ್ಕೆ ಬರುವ ಕ್ಲೇಮಿನ ಹಣ. ಪಟ್ಟಿ ನೋಡಿದರೆ ನಮ್ಮ ಆಸ್ಪತ್ರೆಗಳು ಶ್ರೀಮಂತವಾಗಿರಬೇಕು.

ಯಾದಗಿರಿ ಜಿಲ್ಲೆಯ ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಹೆಸರು ಬೇಡ, ಅಲ್ಲಿ ದುಡಿಯುವವರ ಮೇಲೆ ದೂರು ಹೇಳುವ ಉದ್ದೇಶ ನನಗಿಲ್ಲ. ಮೂವತ್ತು ಹಾಸಿಗೆ, ಹೊಸ ಬಣ್ಣ, ಬಾಗಿಲ ಪಕ್ಕದಲ್ಲಿ ಗ್ರಾನೈಟ್ ಕಲ್ಲಿನ ಮೇಲೆ ಉದ್ಘಾಟನೆಗೆ ಬಂದವರ ಹೆಸರುಗಳು. ಆಪರೇಷನ್ ಕೋಣೆಯ ಮೇಜಿಗೆ ಕಂಪನಿಯವರು ಸುತ್ತಿ ಕಳಿಸಿದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ಅರಿವಳಿಕೆ ಕೊಡುವ ಯಂತ್ರದ ಮೇಲೆ ಹಸಿರು ಬಟ್ಟೆ ಹೊದಿಸಿ, ಅದರ ಮೇಲೆ ಹಳೆಯ ರಿಜಿಸ್ಟರುಗಳನ್ನು ಪೇರಿಸಿಟ್ಟಿದ್ದರು. 'ಮಷೀನ್ ಎಲ್ಲಾ ಅದಾವ್ರೀ ಸರ. ಗ್ಯಾಸ್ ಕೊಡೋ ಡಾಕ್ಟ್ರು ಇಲ್ರೀ' ಎಂದರು ಸಿಸ್ಟರ್. ಹೆರಿಗೆ ಕೋಣೆಯಲ್ಲಿ ಮಗುವನ್ನು ಬೆಚ್ಚಗಿಡುವ ವಾರ್ಮರ್ ಚೆನ್ನಾಗಿಯೇ ಇತ್ತು. ಆದರೆ ಇನ್ವರ್ಟರ್ ಬ್ಯಾಟರಿ ಸತ್ತು ತಿಂಗಳುಗಳಾಗಿದ್ದವು. ಕರೆಂಟ್ ಹೋದರೆ ಜನರೇಟರ್ ಹಾಕಬೇಕು, ಅದಕ್ಕೆ ಡೀಸೆಲ್ ಬೇಕು. ಡೀಸೆಲ್ ಬಿಲ್ಲು ಯಾವ ಲೆಕ್ಕಶೀರ್ಷಿಕೆಗೆ ಬರುತ್ತದೆ ಎಂಬ ಬಗ್ಗೆ ಮೇಲಿನ ಕಚೇರಿಯ ಜೊತೆ ಪತ್ರ ವ್ಯವಹಾರ ನಡೆದಿತ್ತು. ಅಲ್ಲಿಯವರೆಗೆ? 'ನಾವs ರೊಕ್ಕ ಕೂಡಿಸಿ ಹಾಕ್ತೀವ್ರೀ. ಮತ್ತೇನ್ ಮಾಡೋದು, ಕೂಸಿನ ಜೀವ ಅಲ್ರೀ?'

ಆ ಕಟ್ಟಡಕ್ಕೆ ಹಣ ಕೊಟ್ಟ ಮಂಡಳಿ ತಪ್ಪು ಮಾಡಲಿಲ್ಲ. ಯಂತ್ರ ಕೊಟ್ಟವರೂ ತಪ್ಪು ಮಾಡಲಿಲ್ಲ. ಅವರವರ ಲೆಕ್ಕದಲ್ಲಿ ಎಲ್ಲರದ್ದೂ ನೂರಕ್ಕೆ ನೂರು ಸಾಧನೆ. ಬಳಕೆ ಪ್ರಮಾಣಪತ್ರ, ಅಂದರೆ ಕಚೇರಿಯವರ ಬಾಯಲ್ಲಿ 'ಯುಸಿ', ಸಕಾಲಕ್ಕೆ ಹೋಗಿದೆ. ಹಣ ಖರ್ಚಾಗಿದೆಯೇ ಎಂದು ಕೇಳುವವರಿದ್ದಾರೆ, ಆ ಕೋಣೆಯಲ್ಲಿ ಎಷ್ಟು ಸಿಸೇರಿಯನ್ ಆಯಿತು ಎಂದು ಕೇಳುವ ಕಾಲಂ ಆ ನಮೂನೆಯಲ್ಲಿ ಇಲ್ಲ. ಕಟ್ಟಡ ಮಾರ್ಚ್ 31ರೊಳಗೆ ಬಿಲ್ಲಾಗುತ್ತದೆ, ಫೋಟೊ ಬರುತ್ತದೆ, ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ಅರಿವಳಿಕೆ ತಜ್ಞರಿಗೆ ಹತ್ತು ವರ್ಷ ಸಂಬಳ ಕೊಟ್ಟರೆ ಯಾರ ಹೆಸರನ್ನು ಎಲ್ಲಿ ಕೆತ್ತಿಸುವುದು?

ಅರಿವಳಿಕೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಗಂಟು ಅಲ್ಲಿದೆ. ಸಿಸೇರಿಯನ್ ಮಾಡಲು ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಹುಟ್ಟಿದ ಮಗುವನ್ನು ನೋಡಲು ಮಕ್ಕಳ ತಜ್ಞರು, ಮೂವರೂ ಬೇಕು. ಇಬ್ಬರಿದ್ದು ಒಬ್ಬರಿಲ್ಲದಿದ್ದರೆ ಆ ಇಬ್ಬರ ಸಂಬಳವೂ ಹೆಚ್ಚುಕಡಿಮೆ ದಂಡ. ಕೇಂದ್ರ ಸರ್ಕಾರದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶದ ಪ್ರಕಾರ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಸುಮಾರು ಶೇ 80ರಷ್ಟು ಕೊರತೆ ಇತ್ತು. ಇದಕ್ಕೆ ಪರಿಹಾರ ಯಾರಿಗೂ ಹೊಳೆದಿಲ್ಲವೆಂದೇನಿಲ್ಲ. ಎಂಬಿಬಿಎಸ್ ಮುಗಿಸಿದ ವೈದ್ಯಾಧಿಕಾರಿಗೆ 18 ವಾರ ತರಬೇತಿ ಕೊಟ್ಟು ತುರ್ತು ಹೆರಿಗೆಗೆ ಬೇಕಾದ ಅರಿವಳಿಕೆ ಕೊಡುವುದನ್ನು ಕಲಿಸುವ ಕಾರ್ಯಕ್ರಮ ನಮ್ಮ ದೇಶದಲ್ಲೇ ರೂಪುಗೊಂಡು ಬಹಳ ಕಾಲವಾಯಿತು. ಒಂದು ಕಾಂಪೌಂಡ್ ಗೋಡೆಗೆ ಆಗುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಆದರೆ ಕಾಂಪೌಂಡಿಗೆ ಟೆಂಡರ್ ಕರೆಯಬಹುದು.

ಕಟ್ಟುವುದಕ್ಕೂ ನಡೆಸುವುದಕ್ಕೂ ಇರುವ ಈ ಅಂತರವನ್ನು ದೊಡ್ಡ ಅಕ್ಷರದಲ್ಲಿ ನೋಡಬೇಕೆಂದರೆ ರಾಯಚೂರಿಗೆ ಹೋಗಬೇಕು. ಅಲ್ಲಿ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಎಂದರೆ ಆಟೊದವರು ಒಂದು ಕ್ಷಣ ಯೋಚಿಸುತ್ತಾರೆ, ಓಪೆಕ್ ಆಸ್ಪತ್ರೆ ಎಂದರೆ ಸೀದಾ ಕರೆದೊಯ್ಯುತ್ತಾರೆ. ತೈಲ ರಾಷ್ಟ್ರಗಳ ಕೂಟವಾದ ಓಪೆಕ್‌ನ ನಿಧಿಯಿಂದ ಸಾಲ ಪಡೆದು ಕಟ್ಟಿದ 350 ಹಾಸಿಗೆಗಳ ಆಸ್ಪತ್ರೆ ಅದು. ಹೃದಯ, ನರ, ಮೂತ್ರಪಿಂಡ ಎಲ್ಲಕ್ಕೂ ಹೈದರಾಬಾದಿಗೆ ಹೋಗುವ ಜನ ಇಲ್ಲೇ ಚಿಕಿತ್ಸೆ ಪಡೆಯಲಿ ಎಂಬ ಆಸೆಯೇನೋ ದೊಡ್ಡದು. ಕಟ್ಟಿದ ಮೇಲೆ ನಡೆಸುವವರು ಯಾರು ಎಂಬ ಪ್ರಶ್ನೆ ಬಂತು. ಈ ಶತಮಾನದ ಆರಂಭದಲ್ಲಿ ಅಪೋಲೊ ಸಂಸ್ಥೆಗೆ ಹತ್ತು ವರ್ಷದ ಒಪ್ಪಂದದ ಮೇಲೆ ನಿರ್ವಹಣೆ ವಹಿಸಲಾಯಿತು. 2012ರಲ್ಲಿ ಅವಧಿ ಮುಗಿಯಿತು, ಆಸ್ಪತ್ರೆ ಮರಳಿ ಸರ್ಕಾರದ ಕೈಗೆ ಬಂದು ರಾಯಚೂರು ವೈದ್ಯಕೀಯ ಕಾಲೇಜಿನ ಆಡಳಿತಕ್ಕೆ ಸೇರಿತು. ಅಲ್ಲಿಂದ ಈಚೆಗೆ ಸೂಪರ್ ಸ್ಪೆಷಲಿಸ್ಟ್ ಹುದ್ದೆ ತುಂಬುವುದೇ ದೊಡ್ಡ ತಲೆನೋವು. ಖಾಸಗಿಯವರಿಗೆ ಕೊಟ್ಟಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ರಾಯಚೂರಿನ ಚಹಾ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ, ಅದನ್ನು ನಾನು ಮುಗಿಸಲಾರೆ. ಆದರೆ ಸಾಲ ಮಾಡಿ ಕಟ್ಟುವ ದಿನವೇ ಮುಂದಿನ ಇಪ್ಪತ್ತು ವರ್ಷದ ಸಂಬಳದ ಲೆಕ್ಕ ಹಾಕಿದ್ದರೆ ಆ ಚರ್ಚೆಯೇ ಬೇರೆಯಾಗುತ್ತಿತ್ತು.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯಕ್ಕೆ ಬರುತ್ತೇನೆ. ಈಚಿನ ವರ್ಷಗಳಲ್ಲಿ ಸಾಧನೆ ನೋಡಿ ಹಣ ಕೊಡುವ ಪದ್ಧತಿ ಬೆಳೆದಿದೆ. ಕೇಳಲು ನ್ಯಾಯವಾಗಿಯೇ ಇದೆ. 2015ರಲ್ಲಿ ಶುರುವಾದ ಕಾಯಕಲ್ಪ ಪ್ರಶಸ್ತಿಯನ್ನು ನೋಡಿ. ಸ್ವಚ್ಛತೆ, ಸೋಂಕು ನಿಯಂತ್ರಣದಲ್ಲಿ ಶೇ 70ಕ್ಕಿಂತ ಹೆಚ್ಚು ಅಂಕ ಪಡೆದರೆ ನಗದು ಬಹುಮಾನ. ಗುಣಮಟ್ಟದ ರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕರೆ ವರ್ಷ ವರ್ಷ ಪ್ರೋತ್ಸಾಹಧನ. ಆರೋಗ್ಯ ಅಭಿಯಾನದ ಮುಕ್ತನಿಧಿ, ಅಂದರೆ ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ, ಅದನ್ನೂ ರೋಗಿಗಳ ಸಂಖ್ಯೆ ನೋಡಿ ಹಂಚಿ ಎಂಬ ಸೂಚನೆ ಬಂತು. ಆಯುಷ್ಮಾನ್‌ನಲ್ಲಂತೂ ಚಿಕಿತ್ಸೆ ಕೊಟ್ಟರೆ ಮಾತ್ರ ಕ್ಲೇಮು. ಸರ್ಕಾರಿ ಆಸ್ಪತ್ರೆಗೂ ಆ ಹಣ ಬರುತ್ತದೆ. ಅದರಲ್ಲಿ ಸಿಬ್ಬಂದಿಗೆ ಒಂದು ಪಾಲು, ಆಸ್ಪತ್ರೆಯ ಸುಧಾರಣೆಗೆ ಒಂದು ಪಾಲು.

ಈಗ ಎರಡು ಆಸ್ಪತ್ರೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ದಕ್ಷಿಣದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದಾರೆ, ಮೂಳೆ ತಜ್ಞರಿದ್ದಾರೆ, ಕ್ಲೇಮಿನ ಕಾಗದ ಕಂಪ್ಯೂಟರಿಗೆ ಏರಿಸಲು ತಿಳಿದ ಆರೋಗ್ಯಮಿತ್ರ ಇದ್ದಾರೆ. ಹರ್ನಿಯಾ, ಅಪೆಂಡಿಕ್ಸ್, ಮುರಿದ ಕಾಲು, ಎಲ್ಲಕ್ಕೂ ಹಣ ಬರುತ್ತದೆ. ಆ ಹಣದಲ್ಲಿ ಅವರು ಇನ್ನೊಂದು ಯಂತ್ರ ಕೊಳ್ಳುತ್ತಾರೆ, ಹೊರಗುತ್ತಿಗೆಯಲ್ಲಿ ಇಬ್ಬರನ್ನು ನೇಮಿಸಿಕೊಳ್ಳುತ್ತಾರೆ, ನೆಲ ಥಳಥಳ ಹೊಳೆಯುತ್ತದೆ, ಕಾಯಕಲ್ಪವೂ ಸಿಗುತ್ತದೆ. ಯಾದಗಿರಿಯ ನಮ್ಮ ಕೇಂದ್ರದಲ್ಲಿ ಸರ್ಜನ್ ಇಲ್ಲ, ಆದ್ದರಿಂದ ಆಪರೇಷನ್ ಇಲ್ಲ, ಆದ್ದರಿಂದ ಅದರ ಕ್ಲೇಮೂ ಇಲ್ಲ. ರೋಗಿಗಳು ಬರುವುದನ್ನು ಬಿಡುತ್ತಾರೆ, ಆದ್ದರಿಂದ ಸಂಖ್ಯೆ ಇಳಿಯುತ್ತದೆ, ಆದ್ದರಿಂದ ಅನುದಾನ ಇಳಿಯುತ್ತದೆ. ಇಲ್ಲಿಂದ ರೆಫರ್ ಆದ ಬಡವನ ಚಿಕಿತ್ಸೆಗೆ ಸರ್ಕಾರ ಹಣ ಕೊಡುತ್ತದೆ ನಿಜ, ಆದರೆ ಅದು ಕಲಬುರಗಿಯ, ರಾಯಚೂರಿನ, ಬೆಂಗಳೂರಿನ ಆಸ್ಪತ್ರೆಗೆ ಸಂದಾಯವಾಗುತ್ತದೆ. ಹಿಂದುಳಿದ ತಾಲ್ಲೂಕಿನ ಜನರ ಹೆಸರಿನಲ್ಲಿ ಹೊರಟ ಹಣ ಮುಂದುವರಿದ ಊರಿನಲ್ಲಿ ಇಳಿದುಕೊಳ್ಳುತ್ತದೆ. ಹಾಲು ಕೊಡುವ ಎಮ್ಮೆಗೆ ಹಿಂಡಿ, ಬಡಕಲು ಎಮ್ಮೆಗೆ ಬೈಗುಳ ಎಂಬ ಲೆಕ್ಕ. ವ್ಯಾಪಾರಿ ಹಾಗೆ ಮಾಡಲಿ, ಸರ್ಕಾರ ಮಾಡಬಾರದು.

ಅಗತ್ಯ ನೋಡಿ ಹಂಚಬೇಕು ಎಂಬ ತಿಳಿವಳಿಕೆ ಕರ್ನಾಟಕಕ್ಕೆ ಹೊಸದೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ 35 ಸೂಚಕಗಳನ್ನು ಹಿಡಿದು 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನೂ ಹೇಳಿತು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆಂದು ಸಂವಿಧಾನದ 371ನೇ ಜೆ ವಿಧಿ ಬಂತು, ನೇಮಕಾತಿಯಲ್ಲಿ ಮೀಸಲಾತಿ ಬಂತು, ಮಂಡಳಿಯ ವಾರ್ಷಿಕ ಅನುದಾನ 2023-24ರಲ್ಲಿ 5,000 ಕೋಟಿಗೆ ಏರಿತು. ಹಣವೇ ಇಲ್ಲ ಎಂದು ಈಗ ಹೇಳಿದರೆ ಅದು ಅರ್ಧ ಸತ್ಯ. ಆ ಹಣದ ಬಹುಪಾಲು ಕಾಮಗಾರಿಗೆ ಹೋಗುತ್ತದೆ, ಕಾಮಗಾರಿಗೆ ಹೋಗುವಂತೆಯೇ ನಿಯಮಗಳೂ ಮನಸ್ಸುಗಳೂ ಇವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳು ತಮ್ಮ ಬಜೆಟ್ಟಿನ ಶೇ 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕು, ಅದರಲ್ಲಿ ಮೂರನೇ ಎರಡು ಭಾಗ ಪ್ರಾಥಮಿಕ ಆರೈಕೆಗೆ ಹೋಗಬೇಕು ಎಂದಿತ್ತು. ನಾವು ಆ ಎಂಟರ ಹತ್ತಿರವೂ ಸುಳಿದಿಲ್ಲ.

ಹಾಗಾದರೆ ಬೇರೆ ರೀತಿ ಮಾಡಿದವರಿದ್ದಾರೆಯೇ? ಇದ್ದಾರೆ, ಅದೂ ಬೀಜಾಪುರದಲ್ಲಿ. ನಮ್ಮ ವಿಜಯಪುರವೆಂದು ತಿಳಿಯಬೇಡಿ, ಇದು ಛತ್ತೀಸಗಡದ ಬಸ್ತರ್ ಸೀಮೆಯ ಬೀಜಾಪುರ. ದಟ್ಟ ಕಾಡು, ಮಾವೋವಾದಿಗಳ ಹಾವಳಿ, ವರ್ಗಾವಣೆ ಎಂದರೆ ಶಿಕ್ಷೆ ಎನ್ನುವಂಥ ಜಾಗ. ಅಲ್ಲಿನ ಜಿಲ್ಲಾಡಳಿತ 2016ರ ನಂತರ ಖನಿಜ ನಿಧಿಯ ಹಣದಿಂದ ತಜ್ಞ ವೈದ್ಯರಿಗೆ ದೊಡ್ಡ ನಗರಕ್ಕೆ ಸಮನಾದ ಸಂಬಳ ಕೊಟ್ಟು ಕರೆತಂದಿತು. ಇರಲು ಒಳ್ಳೆಯ ಮನೆ ಕೊಟ್ಟಿತು. ಸಿಸೇರಿಯನ್ನಿಗೆ ದೂರದ ಜಗದಲ್ಪುರಕ್ಕೆ ಹೊತ್ತೊಯ್ಯಬೇಕಿದ್ದ ಜಿಲ್ಲೆಯಲ್ಲಿ ಆಪರೇಷನ್‌ಗಳು ನಡೆಯತೊಡಗಿದವು. ಅದೇ ರಾಜ್ಯ ಇನ್ನೂ ಮೊದಲೇ ತನ್ನ ಆರೋಗ್ಯ ಕೇಂದ್ರಗಳನ್ನು ಸಾಮಾನ್ಯ, ಕಷ್ಟದ್ದು, ಅತಿ ಕಷ್ಟದ್ದು, ತಲುಪಲಾಗದ್ದು ಎಂದು ವಿಂಗಡಿಸಿ, ಕಷ್ಟ ಹೆಚ್ಚಾದಷ್ಟೂ ಭತ್ಯೆ ಹೆಚ್ಚು, ಸ್ನಾತಕೋತ್ತರ ಪ್ರವೇಶಕ್ಕೆ ಕೃಪಾಂಕವೂ ಹೆಚ್ಚು ಎಂಬ ಪದ್ಧತಿ ತಂದಿತ್ತು. ಖನಿಜ ನಿಧಿ ನಮ್ಮ ಬಳ್ಳಾರಿಯಲ್ಲೂ ಇದೆ, ಬಸ್ತರ್‌ಗಿಂತ ಬಳ್ಳಾರಿ ದುರ್ಗಮವೇನೂ ಅಲ್ಲ.

ನಮ್ಮಲ್ಲಿ ಇದಕ್ಕೆ ಬದಲು ನೆಚ್ಚಿಕೊಂಡದ್ದು ಕಡ್ಡಾಯ ಸೇವೆಯನ್ನು. 2012ರ ಕಾಯ್ದೆ, 2015ರಿಂದ ಜಾರಿ. ವೈದ್ಯಕೀಯ ಓದಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಎಂದು ಅದು ಹೇಳಿತ್ತು. ನನ್ನ ವಿರೋಧವೇನಿಲ್ಲ. ತೆರಿಗೆ ಹಣದಲ್ಲಿ ಓದಿದವರು ಒಂದು ವರ್ಷ ಹಳ್ಳಿಯಲ್ಲಿ ಇರಲಿ. ಆದರೆ ಪ್ರತಿ ವರ್ಷ ಹೊಸ ಮುಖ, ಊರಿನ ಭಾಷೆ-ರೋಗ ಅರ್ಥವಾಗುವ ಹೊತ್ತಿಗೆ ಅವರು ಗಂಟುಮೂಟೆ ಕಟ್ಟಿರುತ್ತಾರೆ. ಹುದ್ದೆ ತುಂಬಿದೆ ಎಂದು ತೋರಿಸಲು ಅದು ಸಾಕು. ಆಪರೇಷನ್ ಕೋಣೆ ನಡೆಸಲು ಸಾಲದು.

ಇಷ್ಟು ಹೇಳಿದ ಮೇಲೆ ಓದುಗರಿಗೂ ಒಂದು ಮಾತು ಹೇಳಬೇಕು, ಸಿಟ್ಟಾಗಬೇಡಿ. ನಾವು ಕೇಳುವುದೂ ಕಟ್ಟಡವನ್ನೇ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯ ಕಡೆ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಸತ್ತಾಗ ಇಡೀ ಉತ್ತರ ಕನ್ನಡ ಎದ್ದು ನಿಂತಿತು. ಬೇಡಿಕೆ ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ. ಅದೇ ವರ್ಷ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಶುರುವಾಗಿ ಸಾವಿರ ದಿನ ದಾಟಿತು. ಎರಡೂ ನ್ಯಾಯವಾದ ಬೇಡಿಕೆಗಳೇ, ಮಂಗಳೂರು-ಬೆಂಗಳೂರಿನವರು ಅದನ್ನು ಪ್ರಶ್ನಿಸುವ ಹಕ್ಕು ಕಳೆದುಕೊಂಡು ಎಷ್ಟೋ ಕಾಲವಾಯಿತು. ಆದರೆ ತಾಲ್ಲೂಕು ಆಸ್ಪತ್ರೆಯ ಖಾಲಿ ಇರುವ ಅರಿವಳಿಕೆ ಹುದ್ದೆಗಾಗಿ, ಕೆಟ್ಟು ನಿಂತ ಸ್ಕ್ಯಾನಿಂಗ್ ಯಂತ್ರದ ರಿಪೇರಿಗಾಗಿ ಧರಣಿ ಕೂತದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ರಾಜಕಾರಣಿ ಜಾಣ, ಕೇಳಿದ್ದನ್ನೇ ಕೊಡುತ್ತಾನೆ. ಶಂಕುಸ್ಥಾಪನೆ ಮಾಡಿ ಹೋಗುತ್ತಾನೆ.

ಕೊನೆಯದಾಗಿ ಸಣ್ಣ ದುಡ್ಡಿನ ಮಾತು. 1994ರ ಸೂರತ್ ಪ್ಲೇಗಿನ ನಂತರ ಇಂದೋರಿನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಇಲಿಗಳ ಕಾಟ ತಡೆಯಲಾರದೆ, ರೋಗಿಗಳನ್ನೆಲ್ಲ ಸ್ಥಳಾಂತರಿಸಿ ಕಟ್ಟಡವನ್ನು ಶುಚಿ ಮಾಡಿದ ಪ್ರಸಂಗ ನಡೆಯಿತು. ಆ ಕೆಲಸದಲ್ಲಿ ಊರಿನವರ ಹಣವೂ ಕೈಯೂ ಸೇರಿ ಹುಟ್ಟಿದ್ದು ರೋಗಿ ಕಲ್ಯಾಣ ಸಮಿತಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು, ನಮ್ಮಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಕ್ತನಿಧಿ 25,000, ನಿರ್ವಹಣೆಗೆ 50,000, ಸಮಿತಿಗೆ 1 ಲಕ್ಷ, ಒಟ್ಟು ವರ್ಷಕ್ಕೆ 1.75 ಲಕ್ಷ ರೂಪಾಯಿ. ದಿನಕ್ಕೆ 480 ರೂಪಾಯಿಗೂ ಕಡಿಮೆ. ಯಾರನ್ನೂ ಕೇಳದೆ ಬಲ್ಬು, ಬ್ಯಾಟರಿ, ನಲ್ಲಿ, ಡೀಸೆಲ್, ತುರ್ತಿಗೆ ಹೊರಗಿನ ಮದ್ದು ಕೊಳ್ಳಬಹುದಾದ ಹಣ ಇದೊಂದೇ. ಈ ಮೊತ್ತ ನಿಗದಿಯಾದಾಗ ಡೀಸೆಲ್ ಲೀಟರಿಗೆ 40 ರೂಪಾಯಿಯ ಒಳಗಿತ್ತು, ಈಗ 90ರ ಆಸುಪಾಸಿನಲ್ಲಿದೆ. ಸಾಲದ್ದಕ್ಕೆ 2021ರಲ್ಲಿ ಕೇಂದ್ರದ ಯೋಜನೆಗಳ ಹಣವನ್ನು ಒಂದೇ ನೋಡಲ್ ಖಾತೆಯಲ್ಲಿ ಇಡುವ ಪದ್ಧತಿ ಬಂತು. ಕೆಳಗಿನವರಿಗೆ ಸಿಗುವುದು ಖರ್ಚಿನ ಮಿತಿ ಮಾತ್ರ. ಹಣ ದುರುಪಯೋಗವಾಗುವುದು ತಪ್ಪಿತು ಎನ್ನುತ್ತಾರೆ ಲೆಕ್ಕದವರು. ರಾತ್ರಿ ಎರಡು ಗಂಟೆಗೆ ಡೀಸೆಲ್ ತರುವುದೂ ತಪ್ಪಿತು ಎನ್ನುತ್ತಾರೆ ವೈದ್ಯಾಧಿಕಾರಿಗಳು.

ಸರ್ಕಾರ ಮಾಡಬೇಕಾದ್ದು ನನ್ನ ಪ್ರಕಾರ ಬಹಳವಿಲ್ಲ. ಹಿಂದುಳಿದ ತಾಲ್ಲೂಕಿನ ಆಸ್ಪತ್ರೆಗೆ ಈ ಮುಕ್ತನಿಧಿಯನ್ನು ಮೂರು ಪಟ್ಟು ಮಾಡಲಿ, ರೋಗಿಗಳ ಸಂಖ್ಯೆ ಕೇಳದೆ ಕೊಡಲಿ. ಮಂಡಳಿಯ ಮತ್ತು ಖನಿಜ ನಿಧಿಯ ಆರೋಗ್ಯದ ಪಾಲಿನಲ್ಲಿ ಅರ್ಧವನ್ನಾದರೂ ಐದು ವರ್ಷದ ಗುತ್ತಿಗೆಯಲ್ಲಿ ತಜ್ಞರ ಸಂಬಳಕ್ಕೂ ವಸತಿಗೂ ಇಡಲಿ. ಮೂವರು ತಜ್ಞರ ಹುದ್ದೆ ತುಂಬದ ಕಡೆ ಹೊಸ ಆಪರೇಷನ್ ಕೋಣೆಗೆ ಮಂಜೂರಾತಿ ಕೊಡದಿರಲಿ.

ಓದುಗರು ಮಾಡಬಹುದಾದ್ದೂ ಒಂದಿದೆ. ನಿಮ್ಮೂರ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ವರ್ಷ ಎಷ್ಟು ಸಭೆ ನಡೆಯಿತು, ಎಷ್ಟು ಹಣ ಬಂದು ಎಷ್ಟು ಖರ್ಚಾಯಿತು ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಬಾಯಿಮಾತಿಗೆ ಉತ್ತರ ಬರದಿದ್ದರೆ ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ವೈದ್ಯಾಧಿಕಾರಿಯ ಮೇಲೆ ಜಗಳಕ್ಕೆ ಹೋಗಬೇಡಿ, ಅವರ ಕೈಯಲ್ಲಿ ಏನಿದೆ ಎಂದು ಈಗ ನಿಮಗೆ ಗೊತ್ತಾಗಿದೆ. ಬಂದ ಉತ್ತರದ ಒಂದು ಪ್ರತಿಯನ್ನು ಈ ಅಂಕಣಕ್ಕೂ ಕಳಿಸಿ.